ಅಂಕಿತದ ಋಣ: ಡ್ಯೂಕ್ ಎಲಿಂಗ್ಟನ್ನನ ಸ್ನೇಹಶೋಕ

ಕೃತಿಯೊಂದಕ್ಕೆ ಕರ್ತೃ ಒಬ್ಬನೇ ಎಂಬ ತಿಳಿವಳಿಕೆ ಸಾಹಿತ್ಯಾಭ್ಯಾಸದ ಹಿನ್ನೆಲೆಯಲ್ಲಿ ಸದಾ ಕೆಲಸ ಮಾಡುತ್ತಿರುತ್ತದೆ. ವಚನದ ಅಂಕಿತ, ಕೀರ್ತನೆಯ ಮುದ್ರಿಕೆ, ಹಸ್ತಪ್ರತಿಯ ಕೊನೆಯ ಸಮಾಪ್ತಿವಾಕ್ಯ ಇವೆಲ್ಲ ಆ ಒಬ್ಬನನ್ನು ಗುರುತಿಸಲು ನೆರವಾಗುವ ಸಾಧನಗಳು. ಇಬ್ಬರು ಕೂಡಿ ಕಟ್ಟಿದ ಕೃತಿಯ ಮುಂದೆ ಈ ಸಾಧನಗಳು ತೊಡಕಿಗೆ ಸಿಲುಕುತ್ತವೆ. ಇಬ್ಬರಲ್ಲಿ ಒಬ್ಬನ ಹೆಸರಷ್ಟೇ ಲೋಕಪ್ರಸಿದ್ಧವಾಗಿದ್ದು, ಹೆಸರಿಲ್ಲದವನು ಮೊದಲು ತೀರಿಕೊಂಡಾಗ ತೊಡಕು ಇನ್ನೂ ಹೆಚ್ಚುತ್ತದೆ. ಆಗ ಉಳಿದವನ ಶೋಕದಲ್ಲಿ ಅಗಲಿಕೆಯ ನೋವಿನ ಜೊತೆಗೆ ಋಣದ ಪ್ರಜ್ಞೆಯೂ ಸೇರಿಕೊಳ್ಳುತ್ತದೆ. ಇಪ್ಪತ್ತನೆಯ ಶತಮಾನದ ಅಮೆರಿಕದ ಜಾಝ್ ಸಂಗೀತದ ಬಹುದೊಡ್ಡ ಹೆಸರಾದ ಡ್ಯೂಕ್ ಎಲಿಂಗ್ಟನ್ನನ ಬದುಕಿನ ಕೊನೆಯ ಏಳು ವರ್ಷಗಳು ಇಂತಹ ಶೋಕಕ್ಕೆ ನಿದರ್ಶನ. 1967ರಲ್ಲಿ ಅವನ ಗೆಳೆಯನೂ ಸಹಸಂಯೋಜಕನೂ ಆದ ಬಿಲ್ಲಿ ಸ್ಟ್ರೇಹಾರ್ನ್ ತೀರಿಕೊಂಡನು. ಆ ಅಗಲಿಕೆಯಿಂದ ಹಿಂದಕ್ಕೂ ಮುಂದಕ್ಕೂ ನೋಡುತ್ತ ಎಲಿಂಗ್ಟನ್ನನ ಬದುಕನ್ನು ಗ್ರಹಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಾದ್ಯವೃಂದ ಮತ್ತು ಹೆಸರು

ಎಡ್ವರ್ಡ್ ಕೆನಡಿ ಎಲಿಂಗ್ಟನ್ 1899ರ ಏಪ್ರಿಲ್ 29ರಂದು ವಾಷಿಂಗ್ಟನ್ ನಗರದಲ್ಲಿ ಹುಟ್ಟಿದನು. ತಂದೆ ಶ್ರೀಮಂತರ ಮನೆಯಲ್ಲಿ ಪರಿಚಾರಕನಾಗಿದ್ದವನು. ತಾಯಿ ಡೇಸಿ ಪಿಯಾನೊ ನುಡಿಸಬಲ್ಲವಳು. ಬಾಲ್ಯದಲ್ಲಿ ಗೆಳೆಯರು ಇಟ್ಟ ಡ್ಯೂಕ್ ಎಂಬ ಅಡ್ಡಹೆಸರು ಕೊನೆಯವರೆಗೂ ಉಳಿಯಿತು. ಕಪ್ಪು ಜನರಿಗೆ ಸಾಮಾನ್ಯ ನಾಗರಿಕ ಗೌರವವೂ ದಕ್ಕದಿದ್ದ ಕಾಲದಲ್ಲಿ ಒಬ್ಬ ಕಪ್ಪು ಹುಡುಗನಿಗೆ ಸರದಾರಿಕೆಯ ಹೆಸರು ಅಂಟಿಕೊಂಡದ್ದು ಗಮನಾರ್ಹ. 1927ರ ಡಿಸೆಂಬರ್‌ನಲ್ಲಿ ಅವನ ವಾದ್ಯವೃಂದ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಕಾಟನ್ ಕ್ಲಬ್ಬನ್ನು ಸೇರಿತು. ವೇದಿಕೆಯ ಮೇಲೆ ಕಪ್ಪು ಕಲಾವಿದರು, ಎದುರಿಗೆ ಬಿಳಿಯ ಶ್ರೋತೃಗಳು ಎಂಬುದು ಆ ಸ್ಥಳದ ಕಟ್ಟಳೆಯಾಗಿತ್ತು. ಅಲ್ಲಿಂದ ಬಿತ್ತರವಾದ ಬಾನುಲಿ ಕಾರ್ಯಕ್ರಮಗಳ ಮೂಲಕ ಎಲಿಂಗ್ಟನ್ ದೇಶಕ್ಕೆಲ್ಲ ಪರಿಚಿತನಾದನು.

ಎಲಿಂಗ್ಟನ್ ತನ್ನ ವಾದಕರ ಒಬ್ಬೊಬ್ಬರ ನಾದವನ್ನೂ ಮನಸ್ಸಿನಲ್ಲಿಟ್ಟುಕೊಂಡು ಸ್ವರ ಹೆಣೆಯುತ್ತಿದ್ದನು. ವಾದಕರು ನುಡಿಸುತ್ತ ಹೊಳೆಸಿಕೊಂಡ ಎಳೆಗಳು ಅವನ ಕೈಯಲ್ಲಿ ಪೂರ್ಣ ಕೃತಿಗಳಾಗಿ ಬೆಳೆಯುತ್ತಿದ್ದವು. 1930ರ ‘ಮೂಡ್ ಇಂಡಿಗೊ’ ಕೃತಿಗೆ ಎಲಿಂಗ್ಟನ್ನನ ಜೊತೆಗೆ ಕ್ಲಾರಿನೆಟ್ ವಾದಕ ಬಾರ್ನಿ ಬಿಗಾರ್ಡನ ಹೆಸರೂ ವ್ಯವಸ್ಥಾಪಕ ಅರ್ವಿಂಗ್ ಮಿಲ್ಸನ ಹೆಸರೂ ಇವೆ. ಟ್ರೊಂಬೋನ್ ವಾದಕ ಹುವಾನ್ ಟಿಜೋಲನ ರಾಗವನ್ನು ಆಧರಿಸಿದ ‘ಕ್ಯಾರವಾನ್’ ಕೃತಿಯಲ್ಲೂ ಇಂತಹದೇ ಹಂಚಿಕೆಯನ್ನು ಕಾಣಬಹುದು. ವ್ಯವಸ್ಥಾಪಕ ಸಹಕರ್ತೃವೆಂದು ದಾಖಲಾಗುವುದು ಆ ವ್ಯಾಪಾರದಲ್ಲಿ ರೂಢಿಯಲ್ಲಿತ್ತು. ಹೀಗೆ ಎಲಿಂಗ್ಟನ್ ತನ್ನ ಸಂಪಾದನೆಯ ಪಾಲನ್ನು ಬಿಟ್ಟುಕೊಟ್ಟವನೂ ಹೌದು, ಇತರರ ಸೃಷ್ಟಿಯನ್ನು ತನ್ನ ಹೆಸರಿನೊಳಗೆ ಸೇರಿಸಿಕೊಂಡವನೂ ಹೌದು. ಮುಂದೆ ಸ್ಟ್ರೇಹಾರ್ನನ ವಿಷಯದಲ್ಲಿ ನಡೆದುದನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ.

ಶೋಕವನ್ನು ಸಂಗೀತಕ್ಕೆ ಒಪ್ಪಿಸುವ ಮನೋಧರ್ಮ ಎಲಿಂಗ್ಟನ್ನನಲ್ಲಿ ಮೊದಲಿನಿಂದಲೂ ಇತ್ತು. 1935ರ ಮೇ ತಿಂಗಳಲ್ಲಿ ತಾಯಿ ತೀರಿಕೊಂಡಾಗ ಅವನು ‘ರೆಮಿನಿಸಿಂಗ್ ಇನ್ ಟೆಂಪೊ’ ಎಂಬ ದೀರ್ಘ ಕೃತಿಯನ್ನು ರಚಿಸಿದನು. ಮೂರು ನಿಮಿಷಗಳಲ್ಲಿ ಹಾಡು ಮುಗಿಯಬೇಕಿದ್ದ ಆ ಕಾಲದಲ್ಲಿ ಅದು ಧ್ವನಿಮುದ್ರಿಕೆಯ ನಾಲ್ಕು ಮಗ್ಗುಲುಗಳಿಗೆ ಹರಡಿಕೊಂಡಿತು. ತಾಯಿಯ ಶೋಕ ಅವನಿಂದ ರೂಪದ ಮಿತಿಯನ್ನು ಮುರಿಸಿದರೆ, ಮೂವತ್ತೆರಡು ವರ್ಷಗಳ ನಂತರ ಗೆಳೆಯನ ಶೋಕ ಕರ್ತೃತ್ವದ ಮಿತಿಯನ್ನೇ ಮುರಿಸಿತು.

ಸ್ಟ್ರೇಹಾರ್ನನ ಆಗಮನ

ಬಿಲ್ಲಿ ಸ್ಟ್ರೇಹಾರ್ನ್ ಹುಟ್ಟಿದ್ದು 1915ರ ನವೆಂಬರ್ 29ರಂದು, ಒಹಾಯೊ ರಾಜ್ಯದ ಡೇಟನ್ನಿನಲ್ಲಿ. ಬೆಳೆದದ್ದು ಪಿಟ್ಸ್‌ಬರ್ಗ್ ನಗರದ ಬಡತನದಲ್ಲಿ. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ಅವನಿಗೆ ಆಳವಾದ ಒಲವಿತ್ತು. ಕಪ್ಪು ಯುವಕನಿಗೆ ಆ ಕ್ಷೇತ್ರದಲ್ಲಿ ಬಾಗಿಲು ತೆರೆಯದೆಂಬುದು ಬೇಗನೆ ಅರಿವಾಯಿತು. ಔಷಧದಂಗಡಿಯೊಂದರಲ್ಲಿ ದುಡಿಯುತ್ತಲೇ ಅವನು ಸಂಗೀತ ಕಲಿತು ಹಾಡುಗಳನ್ನು ಕಟ್ಟುತ್ತಿದ್ದನು. ಮುಂದೆ ಪ್ರಸಿದ್ಧವಾದ ‘ಲಷ್ ಲೈಫ್’ ಹಾಡನ್ನು ಅವನು ಆರಂಭಿಸಿದ್ದು ಹದಿಹರೆಯದಲ್ಲಿ.

1938ರ ಡಿಸೆಂಬರ್‌ನಲ್ಲಿ ಎಲಿಂಗ್ಟನ್ನನ ವಾದ್ಯವೃಂದ ಪಿಟ್ಸ್‌ಬರ್ಗಿನ ಸ್ಟ್ಯಾನ್ಲಿ ಥಿಯೇಟರಿಗೆ ಬಂದಿತ್ತು. ಪರಿಚಿತರ ಮೂಲಕ ಇಪ್ಪತ್ತಮೂರರ ಸ್ಟ್ರೇಹಾರ್ನ್ ವೇದಿಕೆಯ ಹಿಂದಿನ ಕೋಣೆಯಲ್ಲಿ ಎಲಿಂಗ್ಟನ್ನನನ್ನು ಕಂಡನು. ಎಲಿಂಗ್ಟನ್ನನದೇ ಕೃತಿಯೊಂದನ್ನು ಮೊದಲು ಅವನು ನುಡಿಸುವ ರೀತಿಯಲ್ಲಿ ಚಾಚೂ ತಪ್ಪದೆ ನುಡಿಸಿ, ಬಳಿಕ ತಾನಾದರೆ ಹೇಗೆ ನುಡಿಸುವೆನೆಂದು ತೋರಿಸಿದನು. ಅನುಕರಣೆ ಮತ್ತು ಸ್ವಂತಿಕೆ ಅಕ್ಕಪಕ್ಕದಲ್ಲಿ ನಿಂತ ಈ ಪ್ರಸಂಗದಲ್ಲಿ ಮುಂದಿನ ಇಪ್ಪತ್ತೆಂಟು ವರ್ಷಗಳ ಸಂಬಂಧದ ಬೀಜವೇ ಅಡಗಿದೆ. 1939ರಲ್ಲಿ ಸ್ಟ್ರೇಹಾರ್ನ್ ನ್ಯೂಯಾರ್ಕಿಗೆ ಬಂದನು. ಎಲಿಂಗ್ಟನ್ ಯುರೋಪಿಗೆ ಹೋಗಿದ್ದಾಗ ಅವನ ಮನೆಯಲ್ಲಿ ಉಳಿದು, ಅಲ್ಲಿದ್ದ ಸ್ವರಲಿಪಿಗಳನ್ನು ಓದಿ, ವಾದ್ಯಗಳನ್ನು ಬೆಸೆಯುವ ಎಲಿಂಗ್ಟನ್ ಕ್ರಮವನ್ನು ಅರಗಿಸಿಕೊಂಡನು. ಹಾರ್ಲೆಮ್ಮಿನ ಆ ಮನೆಗೆ ಯಾವ ರೈಲು ಹಿಡಿದು ಬರಬೇಕೆಂದು ಎಲಿಂಗ್ಟನ್ ನೀಡಿದ್ದ ವಿವರದಿಂದಲೇ ‘ಟೇಕ್ ದಿ ಎ ಟ್ರೇನ್’ ಎಂಬ ಹಾಡು ಹುಟ್ಟಿತು.

1941ರ ಆರಂಭದಲ್ಲಿ ಸಂಗೀತ ಸಂಯೋಜಕರ ಸಂಘಕ್ಕೂ ಬಾನುಲಿ ಸಂಸ್ಥೆಗಳಿಗೂ ಹಣದ ವಿಚಾರದಲ್ಲಿ ವಿವಾದ ಉಂಟಾಗಿ, ಸಂಘದ ಸದಸ್ಯರ ಕೃತಿಗಳು ಬಾನುಲಿಯಿಂದ ಮರೆಯಾದವು. ಸದಸ್ಯನಾಗಿದ್ದ ಎಲಿಂಗ್ಟನ್ ತನ್ನ ಕೃತಿಗಳನ್ನು ತಾನೇ ನುಡಿಸುವಂತಿರಲಿಲ್ಲ. ಆಗ ಸ್ಟ್ರೇಹಾರ್ನನೂ ಎಲಿಂಗ್ಟನ್ನನ ಮಗ ಮರ್ಸರನೂ ಅಲ್ಪಾವಧಿಯಲ್ಲಿ ಹೊಸ ಕೃತಿಗಳನ್ನು ರಚಿಸಿಕೊಟ್ಟರು. ಅದೇ ವರ್ಷ ಫೆಬ್ರವರಿಯಲ್ಲಿ ಧ್ವನಿಮುದ್ರಿತವಾದ ‘ಟೇಕ್ ದಿ ಎ ಟ್ರೇನ್’ ವಾದ್ಯವೃಂದದ ಗುರುತಿನ ಹಾಡಾಯಿತು. ಲೋಕ ಎಲಿಂಗ್ಟನ್ನನ ಸಹಿಯೆಂದು ಭಾವಿಸಿದ ಹಾಡು ಹೀಗೆ ಸ್ಟ್ರೇಹಾರ್ನನ ರಚನೆಯಾಗಿತ್ತು.

ನೆರಳಿನ ಸ್ವರೂಪ

ಈ ಸಹಯೋಗದ ವ್ಯಾವಹಾರಿಕ ನೆಲೆ ವಿಚಿತ್ರವಾಗಿತ್ತು. ಇಬ್ಬರ ನಡುವೆ ಲಿಖಿತ ಒಪ್ಪಂದವಿರಲಿಲ್ಲ. ಸ್ಟ್ರೇಹಾರ್ನನ ಮನೆಬಾಡಿಗೆ, ಬಟ್ಟೆಬರೆ, ಊಟೋಪಚಾರಗಳ ವೆಚ್ಚವನ್ನು ಎಲಿಂಗ್ಟನ್ನನ ಕಚೇರಿ ಭರಿಸುತ್ತಿತ್ತು. ಲೆಕ್ಕವಿಲ್ಲದ ಔದಾರ್ಯದಲ್ಲಿ ಲೆಕ್ಕವಿಲ್ಲದ ಬಳಕೆಗೂ ಎಡೆಯಿರುತ್ತದೆ. 1946ರಲ್ಲಿ ಬ್ರಾಡ್‌ವೇ ರಂಗಭೂಮಿಗೆ ಬಂದ ‘ಬೆಗರ್ಸ್ ಹಾಲಿಡೆ’ ಸಂಗೀತನಾಟಕದಲ್ಲಿ ಸ್ಟ್ರೇಹಾರ್ನನ ದುಡಿಮೆ ದೊಡ್ಡದಾಗಿದ್ದರೂ ಸಂಗೀತಕಾರನೆಂದು ಪ್ರಚಾರಗೊಂಡ ಹೆಸರು ಎಲಿಂಗ್ಟನ್ನನದಾಗಿತ್ತು. ಐವತ್ತರ ದಶಕದ ಆರಂಭದಲ್ಲಿ ಸ್ಟ್ರೇಹಾರ್ನ್ ವಾದ್ಯವೃಂದದಿಂದ ಬಹುಮಟ್ಟಿಗೆ ದೂರ ಸರಿದದ್ದಕ್ಕೆ ಇಂತಹ ಅನುಭವಗಳು ಕಾರಣವಾಗಿದ್ದವು.

ನೆರಳಿಗೆ ಇನ್ನೊಂದು ಮುಖವೂ ಇತ್ತು. ಸ್ಟ್ರೇಹಾರ್ನ್ ಸಲಿಂಗಪ್ರೇಮಿಯಾಗಿದ್ದನು; ಅದನ್ನು ಮರೆಮಾಚದೆ ಬದುಕಿದವನು. ಆ ಕಾಲದ ಅಮೆರಿಕದಲ್ಲಿ ಕಪ್ಪು ಕಲಾವಿದನೊಬ್ಬ ಹೀಗೆ ಬದುಕಲು ಬೇಕಾಗುವ ಧೈರ್ಯ ಸಾಮಾನ್ಯವಾದುದಲ್ಲ. ವೇದಿಕೆಯ ಮುಂಭಾಗ ಎಲಿಂಗ್ಟನ್ನನಿಗೆ ಮೀಸಲಾಗಿದ್ದುದರಿಂದ ಹಿಂಭಾಗದಲ್ಲಿ ಸ್ಟ್ರೇಹಾರ್ನನಿಗೆ ತಾನು ತಾನಾಗಿಯೇ ಇರುವ ಅವಕಾಶ ದೊರೆಯಿತು. ನೆರಳು ಅವನ ಹೆಸರನ್ನು ಕಸಿದುಕೊಂಡಿತು, ಬದುಕಿಗೆ ಮರೆಯನ್ನೂ ಕೊಟ್ಟಿತು. ಎಲಿಂಗ್ಟನ್ನನನ್ನು ಶೋಷಕನೆಂದೋ ಪೋಷಕನೆಂದೋ ಒಂದೇ ಮಾತಿನಲ್ಲಿ ತೀರ್ಮಾನಿಸಲು ಇದರಿಂದಾಗಿ ಸಾಧ್ಯವಾಗುವುದಿಲ್ಲ.

1956ರಲ್ಲಿ ನ್ಯೂಪೋರ್ಟ್ ಸಂಗೀತೋತ್ಸವದ ಯಶಸ್ಸು ಎಲಿಂಗ್ಟನ್ನನಿಗೆ ಮರುಹುಟ್ಟು ನೀಡಿತು. ಆ ಹೊತ್ತಿಗೆ ಸ್ಟ್ರೇಹಾರ್ನನೂ ಮರಳಿದ್ದನು. 1957ರ ‘ಸಚ್ ಸ್ವೀಟ್ ಥಂಡರ್’ ಷೇಕ್ಸ್‌ಪಿಯರನ ಪಾತ್ರಗಳನ್ನು ಆಧರಿಸಿದ ಕೃತಿಮಾಲೆ. ಸಾಹಿತ್ಯಾಭ್ಯಾಸಿಗಳಿಗೆ ಇದು ವಿಶೇಷ ಆಸಕ್ತಿಯದು. ಇದರಲ್ಲಿ ಸುನೀತದ ಹೆಸರು ಹೊತ್ತ ರಚನೆಗಳಲ್ಲಿ ಎಲಿಂಗ್ಟನ್ ಹದಿನಾಲ್ಕು ಸಾಲುಗಳಿಗೆ ಹದಿನಾಲ್ಕು ಸ್ವರಪಂಕ್ತಿಗಳನ್ನು, ಸಾಲಿನ ಹತ್ತು ಅಕ್ಷರಗಳಿಗೆ ಹತ್ತು ಸ್ವರಗಳನ್ನು ಹೊಂದಿಸಿದ್ದಾನೆ. ರೋಮಿಯೊ ಮತ್ತು ಜೂಲಿಯೆಟ್ಟರನ್ನು ಕುರಿತ ‘ದಿ ಸ್ಟಾರ್ ಕ್ರಾಸ್ಡ್ ಲವರ್ಸ್’ ಸ್ಟ್ರೇಹಾರ್ನನ ರಾಗ. ಒಬ್ಬನು ಛಂದಸ್ಸಿನ ಕಟ್ಟಿನೊಂದಿಗೆ ಆಡಿದರೆ ಇನ್ನೊಬ್ಬನು ಭಾವದ ಆಳಕ್ಕೆ ಇಳಿದಿದ್ದಾನೆ. ಈ ಕೃತಿಮಾಲೆಯನ್ನು ಇಬ್ಬರ ಹೆಸರಿನಲ್ಲಿಯೂ ಪ್ರಕಟಿಸಲಾಯಿತು. 1960ರಲ್ಲಿ ಚೈಕೋವ್ಸ್ಕಿಯ ‘ನಟ್‌ಕ್ರ್ಯಾಕರ್’ ಸಂಗೀತದ ಜಾಝ್ ರೂಪಾಂತರಕ್ಕೂ ಇಬ್ಬರ ಹೆಸರು ಸಂದಿತು. ಹೆಸರಿನ ಹಂಚಿಕೆ ಸಾವಿಗೆ ಮೊದಲೇ ಆರಂಭವಾಗಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆದರೆ ಅದು ಅಲ್ಲೊಮ್ಮೆ ಇಲ್ಲೊಮ್ಮೆ ಮಾತ್ರ ನಡೆಯಿತು.

ಪೂರ್ವದೇಶಗಳ ಪ್ರವಾಸ

1963ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ಪ್ರಾಯೋಜಕತ್ವದಲ್ಲಿ ಎಲಿಂಗ್ಟನ್ನನ ವಾದ್ಯವೃಂದ ಪಶ್ಚಿಮ ಮತ್ತು ದಕ್ಷಿಣ ಏಷ್ಯಾದ ಪ್ರವಾಸ ಕೈಗೊಂಡಿತು. ಶೀತಲಸಮರದ ದಿನಗಳಲ್ಲಿ, ತನ್ನ ನೆಲದಲ್ಲಿ ಸಮಾನತೆ ದೊರೆಯದ ಕಲಾವಿದರನ್ನೇ ದೇಶವು ತನ್ನ ಸಾಂಸ್ಕೃತಿಕ ರಾಯಭಾರಿಗಳನ್ನಾಗಿ ಕಳುಹಿಸುತ್ತಿದ್ದುದು ಒಂದು ವಿಪರ್ಯಾಸ. ಸ್ಟ್ರೇಹಾರ್ನನೂ ಜೊತೆಗಿದ್ದನು. ದೆಹಲಿ, ಮದರಾಸು, ಮುಂಬಯಿ, ಕಲಕತ್ತಗಳಲ್ಲಿ ಕಛೇರಿಗಳು ನಡೆದವು. ದೆಹಲಿಯಲ್ಲಿ ಎಲಿಂಗ್ಟನ್ ಅಸ್ವಸ್ಥನಾದಾಗ ಪಿಯಾನೊದ ಮುಂದೆ ಸ್ಟ್ರೇಹಾರ್ನ್ ಕುಳಿತನು. ನವೆಂಬರ್ 22ರಂದು ಅಧ್ಯಕ್ಷ ಕೆನಡಿಯ ಹತ್ಯೆಯಾಗಲು, ಅಂಕಾರಾದಲ್ಲಿದ್ದ ತಂಡದ ಪ್ರವಾಸ ಅಲ್ಲಿಗೇ ನಿಂತಿತು.

ಈ ಪ್ರವಾಸದ ಫಲವೇ 1966ರ ಡಿಸೆಂಬರ್‌ನಲ್ಲಿ ಧ್ವನಿಮುದ್ರಿತವಾದ ‘ಫಾರ್ ಈಸ್ಟ್ ಸೂಟ್’. ಇದರ ‘ಬ್ಲೂಬರ್ಡ್ ಆಫ್ ಡೆಲ್ಲಿ’ ಎಂಬ ಭಾಗಕ್ಕೆ ಪ್ರೇರಣೆ ದೆಹಲಿಯಲ್ಲಿ ಕೇಳಿಸಿದ ಗೊರವಂಕದ ಕೂಗು. ಕ್ಲಾರಿನೆಟ್ಟಿನಲ್ಲಿ ಆ ಕೂಗು ಮರಳಿ ಮರಳಿ ಬರುತ್ತದೆ. ತಾಜಮಹಲಿನ ನೆನಪಿಗೆ ‘ಆಗ್ರಾ’ ಎಂಬ ಭಾಗವಿದೆ. ಜಾನಿ ಹಾಡ್ಜಸನ ಸ್ಯಾಕ್ಸೊಫೋನಿಗೆಂದು ಹೊಂದಿಸಿದ ‘ಇಸ್ಫಹಾನ್’ ಸ್ಟ್ರೇಹಾರ್ನನ ರಚನೆ. ಪ್ರವಾಸಕ್ಕೆ ಮೊದಲೇ ಬೇರೆ ಹೆಸರಿನಲ್ಲಿದ್ದ ರಾಗಕ್ಕೆ ಪಾರಸಿಕ ನಗರದ ಹೆಸರು ಬಂದಿತು. ಇಬ್ಬರೂ ಕೂಡಿ ಪೂರ್ಣಗೊಳಿಸಿದ ಕೊನೆಯ ದೊಡ್ಡ ಕೃತಿ ಇದೇ ಆಯಿತು.

ಅಗಲಿಕೆ

ಪ್ರವಾಸ ಮುಗಿದ ಮರುವರ್ಷ, 1964ರಲ್ಲಿ, ಸ್ಟ್ರೇಹಾರ್ನನಿಗೆ ಅನ್ನನಾಳದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆಗಳ ನಡುವೆಯೂ ಅವನು ಸ್ವರ ಬರೆಯುವುದನ್ನು ನಿಲ್ಲಿಸಲಿಲ್ಲ. ಆಸ್ಪತ್ರೆಯಿಂದ ಅವನು ವಾದ್ಯವೃಂದಕ್ಕೆ ಕಳುಹಿಸಿದ ಕೊನೆಯ ರಚನೆಗೆ ‘ಬ್ಲಡ್ ಕೌಂಟ್’ ಎಂದು ಹೆಸರು. ರೋಗಿಯ ರಕ್ತಕಣಗಳ ಎಣಿಕೆಯನ್ನು ಸೂಚಿಸುವ ವೈದ್ಯಕೀಯ ಪದವೇ ರಾಗದ ಶೀರ್ಷಿಕೆಯಾಯಿತು. 1967ರ ಮೇ 31ರಂದು, ಐವತ್ತೊಂದನೆಯ ವಯಸ್ಸಿನಲ್ಲಿ, ಸ್ಟ್ರೇಹಾರ್ನ್ ನ್ಯೂಯಾರ್ಕಿನಲ್ಲಿ ತೀರಿಕೊಂಡನು.

ವೃತ್ತಿಪ್ರವಾಸದಲ್ಲಿದ್ದ ಎಲಿಂಗ್ಟನ್ನನಿಗೆ ಸುದ್ದಿ ತಲುಪಿದ್ದು ದೂರವಾಣಿಯ ಮೂಲಕ. ಆಗ ಅವನಿಗೆ ಅರವತ್ತೆಂಟು ವರ್ಷ. ತನಗಿಂತ ಹದಿನಾರು ವರ್ಷ ಕಿರಿಯನಾದವನು ಮೊದಲು ಹೊರಟುಹೋದನೆಂಬ ಆಘಾತದಲ್ಲಿಯೇ ಅವನು ಗೆಳೆಯನನ್ನು ಕುರಿತು ಒಂದು ಚರಮಲೇಖವನ್ನು ಬರೆದನು. ಅದರಲ್ಲಿ ಸ್ಟ್ರೇಹಾರ್ನ್ ನಾಲ್ಕು ನೈತಿಕ ಸ್ವಾತಂತ್ರ್ಯಗಳನ್ನು ನೆಚ್ಚಿ ಬದುಕಿದವನೆಂದು ಹೇಳಿದನು. ದ್ವೇಷದಿಂದ ಬಿಡುಗಡೆ ಮೊದಲನೆಯದು, ಸ್ವಾನುಕಂಪದಿಂದ ಬಿಡುಗಡೆ ಎರಡನೆಯದು. ತನ್ನ ನೆರವಿನಿಂದ ತನಗಿಂತ ಇನ್ನೊಬ್ಬನಿಗೆ ಹೆಚ್ಚು ಲಾಭವಾದೀತೆಂಬ ಅಂಜಿಕೆಯಿಂದ ಬಿಡುಗಡೆ ಮೂರನೆಯದು; ಸೋದರನಿಗಿಂತ ತಾನು ಮೇಲೆಂಬ ಅಹಂಕಾರದಿಂದ ಬಿಡುಗಡೆ ನಾಲ್ಕನೆಯದು. ಇವುಗಳಲ್ಲಿ ಮೂರನೆಯದನ್ನು ನಿಧಾನವಾಗಿ ಗಮನಿಸಬೇಕು. ಸ್ಟ್ರೇಹಾರ್ನನ ದುಡಿಮೆಯಿಂದ ಹೆಚ್ಚು ಲಾಭ ಪಡೆದ ಆ ಇನ್ನೊಬ್ಬ ಯಾರೆಂಬುದು ಚರಮಲೇಖ ಬರೆದವನಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಗೆಳೆಯನ ಗುಣಗಾನದ ರೂಪದಲ್ಲಿ ಬಂದ ಈ ಮಾತಿನಲ್ಲಿ ಬರೆದವನ ತಪ್ಪೊಪ್ಪಿಗೆಯ ನೆರಳನ್ನೂ ಕಾಣಲು ಸಾಧ್ಯವಿದೆ.

ಜೂನ್ 5ರಂದು ಮ್ಯಾನ್‌ಹಟನ್ನಿನ ಸೇಂಟ್ ಪೀಟರ್ಸ್ ಲೂಥರನ್ ಚರ್ಚಿನಲ್ಲಿ ಅಂತಿಮ ಪ್ರಾರ್ಥನೆ ನಡೆಯಿತು. ರೇ ನಾನ್ಸ್ ‘ಟೇಕ್ ದಿ ಎ ಟ್ರೇನ್’ ಹಾಡನ್ನು ವಿಳಂಬಗತಿಯಲ್ಲಿ ಪಿಟೀಲಿನ ಮೇಲೆ ನುಡಿಸಿದನು. ಕಾಲು ಶತಮಾನ ಕಾಲ ವೇಗದ ಲಯದಲ್ಲಿ ಕಛೇರಿಗಳನ್ನು ಆರಂಭಿಸಿದ್ದ ಆ ಹಾಡು ಅಂದು ಅದನ್ನು ಕಟ್ಟಿದವನ ಚರಮಗೀತೆಯಾಯಿತು.

ಅಂಕಿತದ ಮರಳಿಕೆ

ಆ ವರ್ಷ ಆಗಸ್ಟ್‌ನಿಂದ ನವೆಂಬರ್‌ವರೆಗೆ ಎಲಿಂಗ್ಟನ್ ಕೆಲವು ದಿನಗಳ ಧ್ವನಿಮುದ್ರಣ ನಡೆಸಿ ಸ್ಟ್ರೇಹಾರ್ನನ ರಚನೆಗಳಿಗೇ ಮೀಸಲಾದ ಒಂದು ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿದನು. ‘ಆ್ಯಂಡ್ ಹಿಸ್ ಮದರ್ ಕಾಲ್ಡ್ ಹಿಮ್ ಬಿಲ್’ ಎಂಬುದು ಅದರ ಹೆಸರು. ತಾಯಿ ಅವನನ್ನು ಬಿಲ್ ಎಂದು ಕರೆದಳು ಎಂಬ ಅರ್ಥದ ಈ ಶೀರ್ಷಿಕೆಯೇ ಹೆಸರಿನ ಕುರಿತಾದುದೆಂಬುದು ಆಕಸ್ಮಿಕವಿರಲಾರದು. ಪ್ರಸಿದ್ಧಿ ಕೊಡದ ಹೆಸರನ್ನು ಅವನ ಹುಟ್ಟಿನ ನೆಲೆಗೆ ಹೋಗಿ ಹುಡುಕಿದಂತಿದೆ. 1940ರ ‘ಡೇ ಡ್ರೀಮ್’ನಿಂದ ಮೊದಲುಗೊಂಡು 1967ರ ‘ಬ್ಲಡ್ ಕೌಂಟ್’ವರೆಗಿನ ರಚನೆಗಳು ಇದರಲ್ಲಿವೆ. ಭಾರತದ ಹೊರಸಿನ ಹೆಸರು ಹೊತ್ತ ‘ಚಾರ್ಪಾಯ್’ ಎಂಬ ರಚನೆಯೂ ಅವುಗಳಲ್ಲಿ ಒಂದು.

ಇದರಲ್ಲಿ ಎರಡು ಭಾಗಗಳು ವಿಶೇಷ ಗಮನಕ್ಕೆ ಅರ್ಹವಾದವು. ಮೊದಲನೆಯದು ‘ಬ್ಲಡ್ ಕೌಂಟ್’. ಸ್ಟ್ರೇಹಾರ್ನನ ಅನೇಕ ರಾಗಗಳಿಗೆ ಕಂಠವಾಗಿದ್ದ ಜಾನಿ ಹಾಡ್ಜಸ್ ಇದನ್ನು ನುಡಿಸಿದ್ದಾನೆ. ಮೆಲುದನಿಯಲ್ಲಿ ಆರಂಭವಾಗುವ ಸ್ಯಾಕ್ಸೊಫೋನ್ ನಡುವೆ ಪ್ರತಿಭಟನೆಯ ಮಟ್ಟಕ್ಕೇರಿ ಮತ್ತೆ ಇಳಿಯುತ್ತದೆ. ಸಾಯುತ್ತಿರುವವನು ಬರೆದುದನ್ನು ಉಳಿದವರು ನುಡಿಸುವಾಗ ಹುಟ್ಟುವ ಬಿಗಿ ಅದರಲ್ಲಿದೆ. ಎರಡನೆಯದು ‘ಲೋಟಸ್ ಬ್ಲಾಸಮ್’. ಒಂದು ದಿನದ ಧ್ವನಿಮುದ್ರಣ ಮುಗಿದು ವಾದಕರು ವಾದ್ಯಗಳನ್ನು ಪೆಟ್ಟಿಗೆಗಳಿಗೆ ಸೇರಿಸುತ್ತಿದ್ದಾಗ ಎಲಿಂಗ್ಟನ್ ಒಬ್ಬನೇ ಪಿಯಾನೊ ನುಡಿಸತೊಡಗಿದನು. ತಾನು ನುಡಿಸುವಾಗ ಸ್ಟ್ರೇಹಾರ್ನ್ ಬಹಳವಾಗಿ ಮೆಚ್ಚಿ ಕೇಳುತ್ತಿದ್ದುದು ಈ ರಚನೆಯನ್ನೇ ಎಂದು ಅವನು ನೆನಪಿಸಿಕೊಂಡಿದ್ದಾನೆ. ಯಂತ್ರ ಚಾಲನೆಯಲ್ಲಿದ್ದುದರಿಂದ ಮಾತುಕತೆ, ಸಾಮಾನು ಎತ್ತಿಡುವ ಸದ್ದು ಎಲ್ಲವೂ ಮುದ್ರಿತವಾದವು. ಕೇಳುತ್ತ ಹೋದಂತೆ ಸುತ್ತಲಿನ ಗದ್ದಲ ಕ್ರಮೇಣ ಅಡಗಿ, ಪಿಯಾನೊ ಮಾತ್ರ ಉಳಿಯುತ್ತದೆ. ಶ್ರೋತೃಗಳಿಗೆಂದು ನುಡಿಸದ ಈ ವಾದನವನ್ನು ಧ್ವನಿಮುದ್ರಿಕೆಯ ಕೊನೆಯಲ್ಲಿ ಹಾಗೆಯೇ ಉಳಿಸಿಕೊಳ್ಳಲಾಯಿತು. ಮುಂದಿನ ವರ್ಷಗಳಲ್ಲಿ ಎಲಿಂಗ್ಟನ್ ತನ್ನ ಕಛೇರಿಗಳಲ್ಲಿ ಇದನ್ನು ಮತ್ತೆ ಮತ್ತೆ ಒಬ್ಬನೇ ನುಡಿಸಿದನು.

ಕೊನೆಯ ವರ್ಷಗಳು

ಗೆಳೆಯನಿಲ್ಲದ ಬಳಿಕ ಎಲಿಂಗ್ಟನ್ ಕೈಕಟ್ಟಿ ಕೂರಲಿಲ್ಲ. ಮೊದಲು ಇಬ್ಬರ ನಡುವೆ ಹಂಚಿಹೋಗುತ್ತಿದ್ದ ಹೊರೆ ಈಗ ಒಬ್ಬನ ಮೇಲೆ ಬಿದ್ದರೂ ಅವನ ಸಂಯೋಜನೆ ನಿರಂತರವಾಗಿ ಸಾಗಿತು. 1968ರ ಜನವರಿ 19ರಂದು ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಕೆಥೆಡ್ರಲಿನಲ್ಲಿ ಅವನ ಎರಡನೆಯ ಪವಿತ್ರ ಸಂಗೀತ ಕಛೇರಿ ನಡೆಯಿತು. ಸ್ವಾತಂತ್ರ್ಯವನ್ನು ಕುರಿತ ಅದರ ಭಾಗದಲ್ಲಿ ಸ್ಟ್ರೇಹಾರ್ನನ ನಾಲ್ಕು ಸ್ವಾತಂತ್ರ್ಯಗಳಿಗೂ ಸ್ಥಾನ ದೊರೆಯಿತು. ಚರಮಲೇಖದ ಮಾತು ಹೀಗೆ ಪ್ರಾರ್ಥನೆಯ ಮಾತಾಯಿತು. 1969ರ ಏಪ್ರಿಲ್ 29ರಂದು, ಎಪ್ಪತ್ತನೆಯ ಹುಟ್ಟುಹಬ್ಬದ ದಿನ, ಶ್ವೇತಭವನದಲ್ಲಿ ಅವನಿಗೆ ರಾಷ್ಟ್ರದ ಉನ್ನತ ನಾಗರಿಕ ಪದಕ ಸಂದಿತು. ಉತ್ತರವಾಗಿ ಮಾತನಾಡಿದ ಎಲಿಂಗ್ಟನ್ ಅಲ್ಲಿಯೂ ಸ್ಟ್ರೇಹಾರ್ನನನ್ನು ಹೆಸರಿಸಿ ಆ ನಾಲ್ಕು ಸ್ವಾತಂತ್ರ್ಯಗಳನ್ನು ನೆನೆದನು. ತನ್ನ ಹೆಸರಿಗೆ ಬಂದ ಅತ್ಯುನ್ನತ ಗೌರವದ ಗಳಿಗೆಯಲ್ಲಿ ಇನ್ನೊಂದು ಹೆಸರನ್ನು ಉಚ್ಚರಿಸಿದ ಈ ಸಂದರ್ಭ ಅವನ ಶೋಕದ ಸಾರ್ವಜನಿಕ ಶಿಖರವೆನ್ನಬಹುದು.

1970ರ ಮೇ ತಿಂಗಳಲ್ಲಿ ಜಾನಿ ಹಾಡ್ಜಸನೂ ತೀರಿಕೊಂಡನು. 1973ರಲ್ಲಿ ಹೊರಬಂದ ಆತ್ಮಕಥನ ‘ಮ್ಯೂಸಿಕ್ ಈಸ್ ಮೈ ಮಿಸ್ಟ್ರೆಸ್’ ಕೃತಿಯಲ್ಲಿ ಎಲಿಂಗ್ಟನ್ ಸ್ಟ್ರೇಹಾರ್ನನಿಗೆ ಆಪ್ತವಾದ ಪುಟಗಳನ್ನು ಮೀಸಲಿಟ್ಟನು. 1974ರ ಮೇ 24ರಂದು, ಗೆಳೆಯನ ಏಳನೆಯ ಪುಣ್ಯತಿಥಿಗೆ ಒಂದು ವಾರವಿರುವಾಗ, ಅವನೂ ನ್ಯೂಯಾರ್ಕಿನಲ್ಲಿ ನಿಧನನಾದನು.

ಹಸ್ತಪ್ರತಿಗಳ ಸಾಕ್ಷ್ಯ ಮತ್ತು ಸಮಾರೋಪ

ಎಲಿಂಗ್ಟನ್ನನ ಸ್ವರಲಿಪಿಗಳ ದೊಡ್ಡ ಸಂಗ್ರಹ 1988ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿದ ಮೇಲೆ ಈ ಸಹಯೋಗದ ಅಧ್ಯಯನಕ್ಕೆ ಹೊಸ ಆಧಾರ ದೊರೆಯಿತು. ಡೇವಿಡ್ ಹಾಜ್ಡು 1996ರಲ್ಲಿ ಪ್ರಕಟಿಸಿದ ಜೀವನಚರಿತ್ರೆ ಸ್ಟ್ರೇಹಾರ್ನನ ಬದುಕನ್ನು ಬೆಳಕಿಗೆ ತಂದಿತು. ವಾಲ್ಟರ್ ವಾನ್ ಡೆ ಲೂರ್ 2002ರ ಅಧ್ಯಯನದಲ್ಲಿ ಕೈಬರಹವನ್ನು ಗುರುತಿಸುವ ಮೂಲಕ ಯಾವ ರಚನೆ ಯಾರದೆಂದು ಬೇರ್ಪಡಿಸಿ ತೋರಿಸಿದರು. ಇಬ್ಬರ ಶೈಲಿಯನ್ನು ಬಿಡಿಸಲಾಗದೆಂಬ ಬಹುಕಾಲದ ನಂಬಿಕೆ ಇದರಿಂದ ಸಡಿಲವಾಯಿತು. ಪಾಠಾಂತರ, ಪ್ರಕ್ಷೇಪ, ಅಂಕಿತಗಳ ಪರಿಶೀಲನೆಯಲ್ಲಿ ನುರಿತ ಕನ್ನಡ ಗ್ರಂಥಸಂಪಾದನೆಯ ಪರಂಪರೆಗೆ ಈ ವಿಧಾನ ಅಪರಿಚಿತವಲ್ಲ. ಆದರೆ ಹಸ್ತಪ್ರತಿ ಕೊಡುವ ತೀರ್ಪಿಗೂ ಶೋಕ ಕೊಡುವ ತೀರ್ಪಿಗೂ ವ್ಯತ್ಯಾಸವಿದೆ. ಹಸ್ತಪ್ರತಿ ಪಾಲನ್ನು ವಿಂಗಡಿಸುತ್ತದೆ, ಶೋಕ ಋಣವನ್ನು ಒಪ್ಪಿಕೊಳ್ಳುತ್ತದೆ.

ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಯುದ್ಧಭೂಮಿಯಲ್ಲಿ ಕರ್ಣನ ಕಳೇಬರದ ಮುಂದೆ ನಿಂತು ಗೋಳಿಡುವ ಸಂದರ್ಭ ಕನ್ನಡ ಓದುಗರಿಗೆ ಚಿರಪರಿಚಿತ. ಅಲ್ಲಿ ಶೋಕಿಸುವವನು ದೊರೆ. ಮಡಿದವನು ಆ ದೊರೆಗಾಗಿ ಎಲ್ಲವನ್ನೂ ಒಪ್ಪಿಸಿದ, ತನ್ನ ಕುಲದ ಹೆಸರು ದಕ್ಕದೆ ಬಾಳಿದ ಗೆಳೆಯ. ದೊರೆಯ ಅಳಲು ಓದುಗನನ್ನು ತಟ್ಟುವುದು ಅದರಲ್ಲಿ ಪ್ರೀತಿಯ ಜೊತೆಗೆ ಋಣದ ಅರಿವೂ ಬೆರೆತಿರುವುದರಿಂದ. ಎಲಿಂಗ್ಟನ್ನನ ಸ್ನೇಹಶೋಕವೂ ಇದೇ ಜಾತಿಯದು. ವ್ಯತ್ಯಾಸವಿರುವುದು ಮುಂದಿನ ನಡೆಯಲ್ಲಿ. ದುರ್ಯೋಧನನಿಗೆ ಉಳಿದದ್ದು ಯುದ್ಧವೊಂದೇ. ಎಲಿಂಗ್ಟನ್ನನಿಗೆ ಏಳು ವರ್ಷಗಳೂ ಒಂದು ವಾದ್ಯವೃಂದವೂ ಉಳಿದಿದ್ದವು. ಅವುಗಳನ್ನು ಅವನು ಗೆಳೆಯನ ಅಂಕಿತವನ್ನು ಮರಳಿಸಲು ಬಳಸಿದನು. ಅದರಿಂದ ಋಣ ತೀರಿತೆನ್ನಲಾಗದು. ಬದುಕಿದ್ದಾಗ ಸಲ್ಲಬೇಕಾಗಿದ್ದ ಹೆಸರನ್ನು ಸತ್ತ ಮೇಲೆ ಸಲ್ಲಿಸಿದರೆ ಪಡೆಯಬೇಕಾದವನು ಕೇಳಿಸಿಕೊಳ್ಳಲಾರನು. ಹಾಗಿದ್ದೂ ಆ ಹೆಸರು ಇಂದಿಗೂ ಉಚ್ಚಾರಗೊಳ್ಳುತ್ತಿರುವುದಕ್ಕೆ, ಹಸ್ತಪ್ರತಿಗಳನ್ನು ತೆರೆದು ನೋಡುವ ಆಸೆ ಸಂಶೋಧಕರಲ್ಲಿ ಹುಟ್ಟಿದ್ದಕ್ಕೆ, 1967ರ ಆ ಧ್ವನಿಮುದ್ರಿಕೆ ಒಂದು ಮುಖ್ಯ ಕಾರಣವೆಂಬುದರಲ್ಲಿ ಸಂದೇಹವಿಲ್ಲ.